ಅಗ್ಗದ ಸೆನ್ಸರ್ ಮೇಲೆ ಗೂಬೆ ಕೂರಿಸುವ ಮೊದಲು

ತಾರಸಿಯಲ್ಲೋ ತೋಟದ ಅಂಚಿನಲ್ಲೋ ಸ್ವಂತ ಹವಾಮಾನ ಕೇಂದ್ರ ಕಟ್ಟಿಕೊಳ್ಳುವವರ ನಡುವೆ ಒಂದು ಮಾತು ಗಟ್ಟಿಯಾಗಿ ಬೇರೂರಿದೆ: ಮನೆಯಲ್ಲಿ ಮಾಡಿದ ವೈರ್‌ಲೆಸ್ ಸೆನ್ಸರ್ ಆಟಕ್ಕೆ ಸರಿ, ಲೆಕ್ಕಕ್ಕಲ್ಲ. ಕೆಲವು ನೂರು ರೂಪಾಯಿಯ ಚಿಪ್ ಎಷ್ಟು ನಿಖರವಾಗಿದ್ದೀತು? ನಂಬುವಂಥ ಅಂಕಿ ಬೇಕಿದ್ದರೆ ಡೇವಿಸ್‌ನಂಥ ಕಂಪನಿಯ ಸೆಟ್ ಕೊಳ್ಳಿ ಎನ್ನುತ್ತಾರೆ. ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಆದರೆ ಮನೆ ಕೇಂದ್ರಗಳಲ್ಲಿ ಕಾಣುವ ಕೆಟ್ಟ ಅಂಕಿಗಳ ಜಾಡು ಹಿಡಿದು ಹೋದರೆ, ನನ್ನ ಮಟ್ಟಿಗೆ, ಅದು ಚಿಪ್‌ನ ಬಾಗಿಲಿಗೆ ಮುಟ್ಟುವುದು ಅಪರೂಪ. ಚಿಪ್ ಅಳೆದದ್ದನ್ನು ಸಾಫ್ಟ್‌ವೇರ್‌ಗೆ ಒಪ್ಪಿಸುವ ಜಾಗದಲ್ಲಿ, ಅಂದರೆ ನಾವೇ ಗೀಚಿದ ಹತ್ತಿಪ್ಪತ್ತು ಸಾಲು ಕೋಡ್‌ನಲ್ಲಿ, ಅದು ನಿಂತುಬಿಡುತ್ತದೆ.

ಚಿಪ್‌ಗಳ ವಿಷಯ ಮೊದಲು ಮುಗಿಸೋಣ. ನೀಲಿ ಬಣ್ಣದ ಡಿಎಚ್‌ಟಿ11 ಅನ್ನು ಯಾರೂ ಸಮರ್ಥಿಸಬೇಕಿಲ್ಲ. ಎರಡು ಡಿಗ್ರಿ ಆಚೀಚೆ ಆಗುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಆದರೆ ಬಾಷ್‌ನ ಬಿಎಂಇ280 ಉಷ್ಣತೆಯನ್ನು ಸುಮಾರು ಒಂದು ಡಿಗ್ರಿಯೊಳಗೆ, ತೇವಾಂಶವನ್ನು ಶೇ 3ರ ಆಸುಪಾಸಿನಲ್ಲಿ, ಒತ್ತಡವನ್ನು ಒಂದು ಹೆಕ್ಟೊಪ್ಯಾಸ್ಕಲ್ ಅಂತರದಲ್ಲಿ ಹೇಳುತ್ತದೆ. ಎಸ್‌ಎಚ್‌ಟಿ31 ಉಷ್ಣತೆಯಲ್ಲಿ 0.2 ಡಿಗ್ರಿಗೆ ಇಳಿಯುತ್ತದೆ. ಇದೇ ಚಿಪ್ಪನ್ನು ವೈಫೈ ಬೋರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುರುಕಿ ಬಿಸಿಲಿಗೆ ಮೈಯೊಡ್ಡಿದ ಗೋಡೆಗೆ ಮೊಳೆ ಹೊಡೆದರೆ ನಾಲ್ಕೈದು ಡಿಗ್ರಿ ಏರುತ್ತದೆ. ಆ ತಪ್ಪು ಡಬ್ಬಿಯದ್ದು, ಜಾಗದ್ದು. ನೆರಳು, ಗಾಳಿಯಾಡುವ ಪಟ್ಟಿಗಳ ಗೂಡು, ನೆಲದಿಂದ 1.25ರಿಂದ 2 ಮೀಟರ್ ಎತ್ತರ, ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಯಾರೂ ಹೇಳದಿರುವುದು ಮುಂದಿನ ಹೆಜ್ಜೆಯ ಬಗ್ಗೆ. ಸಾಮಾನ್ಯವಾಗಿ ಜೋಡಣೆ ಹೀಗಿರುತ್ತದೆ: ಇಎಸ್‌ಪಿ8266 ಬೋರ್ಡು ವೈಫೈ ಮೂಲಕ, ಸಂದೇಶ ಪಡೆದು ಹಂಚುವ ಎಂಕ್ಯೂಟಿಟಿ ಬ್ರೋಕರ್‌ಗೆ ಅಂಕಿ ಕಳಿಸುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಸಾಫ್ಟ್‌ವೇರ್ ಅದನ್ನು ಎತ್ತಿಕೊಳ್ಳುತ್ತದೆ. ಆ ಸಾಫ್ಟ್‌ವೇರ್ ಬಹುಮಟ್ಟಿಗೆ ಟಾಮ್ ಕೆಫರ್ ಪೈಥಾನ್‌ನಲ್ಲಿ ಬರೆದು ಉಚಿತವಾಗಿ ಬಿಟ್ಟ ವೀವೆಕ್ಸ್. ಪರದೆಯ ಮೇಲೆ ಮೊದಲ ಅಂಕಿ ಮೂಡಿತೋ, ಕೆಲಸ ಮುಗಿಯಿತು ಎಂದು ಎದ್ದುಬಿಡುತ್ತೇವೆ.

ಎಂಕ್ಯೂಟಿಟಿಯಲ್ಲಿ ‘ರಿಟೇನ್’ ಎಂಬ ಒಂದು ಗುರುತು ಇದೆ. ಅದನ್ನು ಹಚ್ಚಿ ಕಳಿಸಿದ ಕೊನೆಯ ಅಂಕಿಯನ್ನು ಬ್ರೋಕರ್ ಇಟ್ಟುಕೊಂಡಿದ್ದು, ಹೊಸದಾಗಿ ಬಂದು ಕೇಳಿದವರಿಗೆಲ್ಲ ಕೊಡುತ್ತದೆ. ದೀಪ ಹೊತ್ತಿದೆಯೋ ಆರಿದೆಯೋ ತಿಳಿಯಲು ಇದು ಅನುಕೂಲ. ಹವಾಮಾನಕ್ಕೆ ಇದು ವಿಷ. ಬ್ಯಾಟರಿ ಸತ್ತು ಎರಡು ದಿನವಾದ ಸೆನ್ಸರ್‌ನ ಕೊನೆಯ 24.6 ಡಿಗ್ರಿ, ಪೈ ಮತ್ತೆ ಆನ್ ಆದ ಕೂಡಲೇ ಈಗಷ್ಟೇ ಅಳೆದದ್ದೆಂಬಂತೆ ದಾಖಲಾಗುತ್ತದೆ. ಕೆಲವರ ಕೋಡ್ ಇನ್ನೂ ಒಂದು ಹೆಜ್ಜೆ ಮುಂದೆ: ಹೊಸ ಅಂಕಿ ಬಾರದಿದ್ದರೆ ಹಳೆಯದನ್ನೇ ಐದೈದು ನಿಮಿಷಕ್ಕೆ ಮತ್ತೆ ಮತ್ತೆ ಕೊಡುತ್ತದೆ. ಗ್ರಾಫ್ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತದೆ. ಗೊತ್ತಿಲ್ಲದ ಹೊತ್ತನ್ನು ಗೊತ್ತಿಲ್ಲ ಎಂದೇ ಖಾಲಿ ಬಿಡಲು ವೀವೆಕ್ಸ್‌ನ ದಾಖಲೆಯಲ್ಲಿ ಅವಕಾಶವಿದೆ. ಖಾಲಿ ಬಿಡುವ ಧೈರ್ಯ ನಮಗಿಲ್ಲ.

ಮಳೆಯ ವಿಷಯಕ್ಕೆ ಬಂದರೆ ಎಡವಟ್ಟು ಇನ್ನೂ ದೊಡ್ಡದು. ವೀವೆಕ್ಸ್‌ನಲ್ಲಿ ಮೆಟ್ರಿಕ್ ಎಂದರೆ ಒಂದಲ್ಲ, ಎರಡು ಬಗೆ. 16 ಎಂಬ ಸಂಖ್ಯೆ ಕೊಟ್ಟರೆ ಮಳೆಯನ್ನು ಸೆಂಟಿಮೀಟರಿನಲ್ಲಿ ಓದುತ್ತದೆ, 17 ಕೊಟ್ಟರೆ ಮಿಲಿಮೀಟರಿನಲ್ಲಿ. ಮಿಲಿಮೀಟರ್ ಕಳಿಸುತ್ತ 16 ಎಂದು ಬರೆದವರ ಮನೆಯಲ್ಲಿ 25 ಮಿಲಿಮೀಟರ್ ಮಳೆ 250 ಆಗುತ್ತದೆ. ಬಳ್ಳಾರಿಯಲ್ಲಾದರೆ ಅದೇ ದಿನ ಸಿಕ್ಕಿಬೀಳುತ್ತದೆ. ಜುಲೈನ ಆಗುಂಬೆಯಲ್ಲಿ ಯಾರೂ ಹುಬ್ಬು ಕೂಡ ಏರಿಸುವುದಿಲ್ಲ! ಒತ್ತಡದ್ದೂ ಇದೇ ಗೋಳು: ಬೆಂಗಳೂರಿನ ತಾರಸಿಯಲ್ಲಿ ಸೆನ್ಸರ್ ಹೇಳುವುದು ಸುಮಾರು 910, ಅದನ್ನು ಸಮುದ್ರಮಟ್ಟದ ಒತ್ತಡದ ಕಾಲಂಗೆ ತುಂಬಿ, ‘ಚಿಪ್ ನೂರು ಕಡಿಮೆ ತೋರಿಸುತ್ತಿದೆ’ ಎಂದು ದೂರುವವರಿದ್ದಾರೆ. ಪಾಪದ ಚಿಪ್ ನಿಜವನ್ನೇ ಹೇಳಿತ್ತು.

ತಟ್ಟೆ ಉರುಳುವ ಮಳೆ ಮಾಪಕದಲ್ಲಿ ಪ್ರತಿ ಉರುಳಿಗೆ ಇಂತಿಷ್ಟು, ಸಾಮಾನ್ಯವಾಗಿ 0.2 ಮಿಲಿಮೀಟರಿನಷ್ಟು, ಎಂಬ ಲೆಕ್ಕ. ಉರುಳಿದಾಗೆಲ್ಲ ‘ಒಂದು’ ಎಂದು ಸಂದೇಶ ಕಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ರೇಡಿಯೊ ಸಂದೇಶ ಕಳೆದುಹೋಗುವುದು ಮಾಮೂಲು. ನೆನೆದ ಅಡಿಕೆ ತೋಟದ ನಡುವೆ ಅಂತೂ ಇನ್ನೂ ಹೆಚ್ಚು. ಕಳೆದ ಪ್ರತಿ ಸಂದೇಶದ ಜೊತೆ ಅಷ್ಟು ಮಳೆಯೂ ಕಳೆದಂತೆ. ಬದಲಿಗೆ ಸೆನ್ಸರ್ ಈವರೆಗಿನ ಒಟ್ಟು ಉರುಳುಗಳನ್ನು ಹೇಳುತ್ತಿದ್ದರೆ ಮೂರು ಸಂದೇಶ ಹೋದರೂ ನಾಲ್ಕನೆಯದು ಬಾಕಿ ಚುಕ್ತಾ ಮಾಡುತ್ತದೆ. ಅದಕ್ಕೂ ಒಂದು ಕಾಟವಿದೆ, ಬ್ಯಾಟರಿ ಬದಲಿಸಿದಾಗ ಎಣಿಕೆ ಸೊನ್ನೆಗೆ ಮರಳುತ್ತದೆ. ಹಿಂದಿನದಕ್ಕಿಂತ ಕಡಿಮೆ ಎಣಿಕೆ ಬಂದರೆ ಆ ಒಂದು ಸಲದ ವ್ಯತ್ಯಾಸವನ್ನು ಬಿಟ್ಟುಬಿಡು ಎಂದು ಒಂದು ಸಾಲು ಸೇರಿಸಿದರೆ ಆಯಿತು. ಈ ಒಂದು ಸಾಲಿಗೂ ಚಿಪ್‌ನ ಬೆಲೆಗೂ ಏನು ಸಂಬಂಧ?

ಇನ್ನು ದಿನದ ಲೆಕ್ಕ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ಬೆಳಿಗ್ಗೆ ಎದ್ದು ಮಾಪಕ ನೋಡಿ ಇಂಚು-ಸೆಂಟಿನಲ್ಲಿ ಬರೆದಿಡುವ ಪದ್ಧತಿ. ಭಾರತೀಯ ಹವಾಮಾನ ಇಲಾಖೆಯ ಮಳೆ ದಿನವೂ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಸಾಫ್ಟ್‌ವೇರ್‌ನ ದಿನ ನಡುರಾತ್ರಿಗೆ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಹೊಯ್ದ ಮಳೆ ಅಪ್ಪನ ಡೈರಿಯಲ್ಲಿ ಒಂದೇ ದಿನದ್ದು, ಮಗನ ಗ್ರಾಫಿನಲ್ಲಿ ಎರಡು ದಿನಕ್ಕೆ ಹಂಚಿಹೋದದ್ದು. ಇಬ್ಬರೂ ಜಗಳಕ್ಕೆ ನಿಂತು ಕೊನೆಗೆ ಬೈಸಿಕೊಳ್ಳುವುದು ಸೆನ್ಸರ್.

ಹಾಗಾದರೆ ಕೊಂಡ ಸೆಟ್ ಮೇಲಲ್ಲವೇ? ಮೇಲು ಹೌದು, ಆದರೆ ಜನ ಹೇಳುವ ಕಾರಣಕ್ಕಲ್ಲ. ಡೇವಿಸ್ ವಾಂಟೇಜ್ ಪ್ರೊ2ರ ಲಾಗರ್ ತನ್ನೊಳಗೇ 2560 ದಾಖಲೆ ಇಟ್ಟುಕೊಳ್ಳುತ್ತದೆ. ಐದು ನಿಮಿಷಕ್ಕೊಂದರಂತೆ ಹಿಡಿದರೆ ಎಂಟು ದಿನ ದಾಟುತ್ತದೆ. ಕಂಪ್ಯೂಟರ್ ಆರಿ ಮತ್ತೆ ಬಂದಾಗ ವೀವೆಕ್ಸ್ ಆ ಬಾಕಿಯನ್ನೆಲ್ಲ ಎಳೆದುಕೊಂಡು ಸರಿಯಾದ ಹೊತ್ತಿನ ಎದುರು ಬರೆಯುತ್ತದೆ. ಮಲೆನಾಡಿನಲ್ಲಿ ಇದರ ಬೆಲೆ ಏನೆಂದು ವಿವರಿಸಬೇಕಿಲ್ಲ. ಜೋರು ಮಳೆ ಶುರುವಾದ ಗಳಿಗೆಗೇ ಕರೆಂಟು ಹೋಗುತ್ತದೆ, ಹಿಂದೆಯೇ ಇಂಟರ್ನೆಟ್ಟು. ಪೈ 4ರವರೆಗಿನ ರಾಸ್ಪ್‌ಬೆರಿ ಪೈಗಳಿಗೆ ಬ್ಯಾಟರಿ ಗಡಿಯಾರವೇ ಇಲ್ಲ. ಕರೆಂಟು ಬಂದು ಇಂಟರ್ನೆಟ್ ಬಾರದಿದ್ದರೆ ಅದು ಆರಿದ ಹೊತ್ತಿನಿಂದಲೇ ಮುಂದುವರಿದು, ಈಗಿನ ಮಳೆಯನ್ನು ಆಗಿನ ಗಂಟೆಗೆ ಬರೆಯುತ್ತದೆ. ಕೊಂಡ ಸೆಟ್ಟಿನ ಹಿರಿಮೆ ನೆನಪು ಮತ್ತು ಗಡಿಯಾರ. ಎರಡೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ: ಡಿಎಸ್3231 ಗಡಿಯಾರ ಸಾಧಾರಣ ಹವೆಯಲ್ಲಿ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುತ್ತದೆ, ಪಕ್ಕದಲ್ಲೊಂದು ಸಣ್ಣ ಮೆಮೊರಿ ಚಿಪ್ ಕೂರಿಸಿದರೆ ಸೆನ್ಸರ್ ತನ್ನ ಅಂಕಿಯನ್ನು ತಾನೇ ಕಾಯ್ದುಕೊಳ್ಳುತ್ತದೆ.

ಕೊಂಡವುಗಳಲ್ಲೂ ಅಗ್ಗದ 433 ಮೆಗಾಹರ್ಟ್ಸ್ ಸೆನ್ಸರ್‌ಗಳಿವೆ. ಅವುಗಳಲ್ಲಿ ಎಷ್ಟೋ ಬ್ಯಾಟರಿ ಬದಲಿಸಿದೊಡನೆ ತಮ್ಮ ಗುರುತಿನ ಸಂಖ್ಯೆಯನ್ನೇ ಬದಲಿಸಿಕೊಳ್ಳುತ್ತವೆ, ಸಾಫ್ಟ್‌ವೇರ್ ಹಳೆಯದನ್ನು ಹುಡುಕುತ್ತ ಕೂರುತ್ತದೆ. ನಾವೇ ಮಾಡಿದ ಸೆನ್ಸರ್‌ಗೆ ಗುರುತು ಕೊಡುವವರು ನಾವೇ. ಅಂಕಿ ತಪ್ಪಾದರೆ ಕೋಡ್ ಬಿಚ್ಚಿ ಎಲ್ಲಿ ತಪ್ಪಿತೆಂದು ನೋಡಬಹುದು; ಮುಚ್ಚಿದ ಡಬ್ಬಿಯಲ್ಲಿ ಆ ಸೌಲಭ್ಯವಿಲ್ಲ.

ಆದ್ದರಿಂದ ಹೊಸ ಚಿಪ್‌ಗೆ ಆರ್ಡರ್ ಮಾಡುವ ಮೊದಲು ಇಂದು ಸಂಜೆ ಒಂದು ಕೆಲಸ ಮಾಡಿ. ಸೆನ್ಸರ್‌ನ ಬ್ಯಾಟರಿ ತೆಗೆದಿಟ್ಟು, ಪೈ ರೀಸ್ಟಾರ್ಟ್ ಮಾಡಿ, ಅರ್ಧ ಗಂಟೆ ಬಿಟ್ಟು ಗ್ರಾಫ್ ನೋಡಿ. ಅಲ್ಲಿ ಖಾಲಿ ಜಾಗದ ಬದಲು ನೆಟ್ಟನೆಯ ಗೆರೆ ಕಂಡರೆ, ಬದಲಿಸಬೇಕಾದದ್ದು ನಿಮ್ಮ ಕೋಡ್.