ಮಾಯೆಗೆ ಹೆಣ್ಣಿನ ರೂಪ ಕೊಟ್ಟ ಕಾವ್ಯ

ಬನವಾಸಿಯ ಅರಸನ ಹೆಸರು ಮಮಕಾರ, ರಾಣಿ ಮೋಹಿನಿ, ಅವರ ಮಗಳು ಮಾಯೆ. ಅತ್ತ ನಿರಹಂಕಾರ ಮತ್ತು ಸುಜ್ಞಾನಿ ಎಂಬ ದಂಪತಿಯ ಮಗನಾಗಿ ಬರುವವನು ಅಲ್ಲಮ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, 15ನೆಯ ಶತಮಾನದಲ್ಲಿ ಚಾಮರಸ ಬರೆದ ‘ಪ್ರಭುಲಿಂಗಲೀಲೆ’ ಪಾತ್ರಗಳ ಹೆಸರಿನಲ್ಲೇ ತನ್ನ ಒಳಗುಟ್ಟನ್ನು ಬಿಚ್ಚಿಟ್ಟುಬಿಡುತ್ತದೆ. ಕತೆ ನಡೆಯುವ ಊರು ಬನವಾಸಿಯಾದರೂ ನಿಜವಾದ ರಂಗಸ್ಥಳ ಮನುಷ್ಯನ ಮನಸ್ಸು.

ಈ ಬಗೆಯ ರಚನೆ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. 11ನೆಯ ಶತಮಾನದ ಕೃಷ್ಣಮಿಶ್ರನ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ ಮತ್ತು ಮಹಾಮೋಹರೇ ಎದುರುಬದುರು ನಿಂತ ರಾಜರು. ಆದರೆ ಕೃಷ್ಣಮಿಶ್ರನ ಪಾತ್ರಗಳಿಗೆ ನಾಟಕದ ಹೊರಗೆ ಬದುಕಿಲ್ಲ. ಚಾಮರಸನ ಕೆಲಸ ಇದಕ್ಕಿಂತ ಕಠಿಣ. ಅವನ ನಾಯಕ 12ನೆಯ ಶತಮಾನದಲ್ಲಿ ಬಾಳಿದ ಶರಣ. ಅವನ ವಚನಗಳು ಕಾವ್ಯದ ಪಕ್ಕದಲ್ಲೇ ನಿಂತು ಅದನ್ನು ಒರೆಗೆ ಹಚ್ಚುತ್ತವೆ.

ಕತೆ ಶುರುವಾಗುವುದು ಕೈಲಾಸದಲ್ಲಿ. ಅಲ್ಲಮನನ್ನು ಮಾಯೆ ಗೆಲ್ಲಲಾರಳು ಎಂಬ ಶಿವನ ಮಾತನ್ನು ಪಾರ್ವತಿ ಒಪ್ಪುವುದಿಲ್ಲ. ತನ್ನ ತಾಮಸ ಕಳೆಯನ್ನೇ ಭೂಮಿಗೆ ಕಳಿಸುತ್ತಾಳೆ. ಅದೇ ಬನವಾಸಿಯ ರಾಜಕುಮಾರಿ. ಮದ್ದಳೆ ಬಾರಿಸುತ್ತ ಬಂದ ಅಲ್ಲಮನಿಗೆ ಅವಳು ಮನಸೋಲುತ್ತಾಳೆ. ಗೆಲ್ಲಲು ಬಂದವಳೇ ಬಯಸಿ ಬಳಲುತ್ತಾಳೆ. ಕೈಗೆ ಸಿಕ್ಕನೆಂದುಕೊಂಡರೆ ಅವನು ಸಿಗುವುದಿಲ್ಲ.

ಇಲ್ಲಿ ಚಾಮರಸನ ಕವಿಪ್ರತಿಭೆ ತನ್ನ ತತ್ವವನ್ನೇ ಮೀರುತ್ತದೆ. ಮಾಯೆ ಬರೀ ತತ್ವದ ಹೆಸರಾಗಿದ್ದರೆ ಅವಳ ವಿರಹ ಓದುಗರನ್ನು ತಟ್ಟಬೇಕಿರಲಿಲ್ಲ. ಭಾಮಿನಿ ಷಟ್ಪದಿಯ ಓಟದಲ್ಲಿ ಅವಳು ಮೈ, ಉಸಿರು, ಹಟ ಎಲ್ಲವೂ ಇರುವ ಹುಡುಗಿಯಾಗುತ್ತಾಳೆ. ಅವಳು ಸೋತಾಗ ಶಿವನ ಮಾತು ಗೆದ್ದಿತೆಂದು ಹಿಗ್ಗುವ ಬದಲು ಓದುಗರ ಮನಸ್ಸು ಅವಳ ಕಡೆಗೇ ವಾಲುತ್ತದೆ.

ಆದರೆ ದೊಡ್ಡ ತೊಡಕು ಇರುವುದೂ ಇಲ್ಲಿಯೇ. ಹೆಣ್ಣು ಮಾಯೆ ಎಂಬ ಲೋಕದ ಮಾತನ್ನು ಅಲ್ಲಮ ತನ್ನ ಪ್ರಸಿದ್ಧ ವಚನವೊಂದರಲ್ಲಿ ನೇರವಾಗಿ ತಳ್ಳಿಹಾಕಿದ್ದಾನೆ. ಹೊನ್ನಿಗೂ ಮಣ್ಣಿಗೂ ಅದೇ ತೀರ್ಪು. ಅವನ ಪ್ರಕಾರ ಮಾಯೆಯ ನೆಲೆ ಬಯಸುವವನ ಮನಸ್ಸು. ಅಂಥವನ ಚರಿತ್ರೆ ಬರೆಯಹೊರಟ ಕವಿ ಮಾಯೆಯನ್ನು ಮನಸ್ಸಿನಿಂದ ಹೊರಗೆ ತಂದು, ಸೀರೆ ಉಡಿಸಿ, ಅರಮನೆಯಲ್ಲಿ ನಿಲ್ಲಿಸಿದ್ದಾನೆ. ಅಲ್ಲಮನಿಗೆ ಆಸೆಯೇ ಇಲ್ಲವಾದ್ದರಿಂದ ಗೆಲ್ಲುವುದಕ್ಕೂ ಏನಿಲ್ಲ. ಒಳಗೆ ನಡೆಯಬೇಕಾದ ಹೋರಾಟದ ನೋವನ್ನೆಲ್ಲ ಹೊರಗಿರುವ ಹೆಣ್ಣು ಅನುಭವಿಸುತ್ತಾಳೆ. ಪಾರ್ವತಿಯ ಸಾತ್ವಿಕ ಕಳೆ ಮುಂದೆ ಅಕ್ಕಮಹಾದೇವಿಯಾಗಿ ಬರುತ್ತದೆಂಬ ಏರ್ಪಾಡೂ ಇದನ್ನು ಸರಿಪಡಿಸುವುದಿಲ್ಲ. ತಾನೇ ಆರಿಸಿಕೊಂಡ ದಾರಿಯಲ್ಲಿ ಎಲ್ಲವನ್ನೂ ಬಿಟ್ಟು ನಡೆದ ಉಡುತಡಿಯ ಅಕ್ಕ ಇಲ್ಲಿ ಕೈಲಾಸದ ಲೆಕ್ಕವೊಂದರ ಇನ್ನರ್ಧವಾಗಿಬಿಡುತ್ತಾಳೆ.

ಕವಿ ಹರಿಹರ ಇದಕ್ಕೂ ಮೊದಲೇ ‘ಪ್ರಭುದೇವರ ರಗಳೆ’ಯಲ್ಲಿ ಬೇರೆಯೇ ದಾರಿ ಹಿಡಿದಿದ್ದ. ಅವನ ಅಲ್ಲಮ ಪ್ರೀತಿಸುತ್ತಾನೆ. ಕಾಮಲತೆಯೊಡನೆ ಸುಖವಾಗಿರುವಾಗಲೇ ಅವಳು ಜ್ವರದಿಂದ ಸಾಯುತ್ತಾಳೆ. ಅವನು ಹುಚ್ಚನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಮಂಕಾಗಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುವಾಗ ಗುಡಿಯ ಹೊನ್ನಕಳಶ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಕೈಯಲ್ಲಿ ಲಿಂಗ ಹಿಡಿದು ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಈ ಹೂತುಹೋದ ಗುಡಿಗೆ ಹರಿಹರ ಮನಸ್ಸೆಂದು ಹೆಸರಿಟ್ಟಿಲ್ಲ. ಆದರೂ ದುಃಖದಲ್ಲಿ ಗೊತ್ತುಗುರಿಯಿಲ್ಲದೆ ಕೆರೆದ ನೆಲದಡಿಯಿಂದ ಗುಡಿಯೊಂದು ತೆರೆದುಕೊಳ್ಳುವ ಈ ಚಿತ್ರ ಮನಸ್ಸಿನ ಆಳದ ಬಗ್ಗೆ ಹೇಳುವಷ್ಟನ್ನು ಮಮಕಾರ, ಮೋಹಿನಿ ಎಂಬ ಹೆಸರುಗಳು ಹೇಳಲಾರವು. ಕಾಮಲತೆಯ ಸಾವು ಬರೀ ಪಾಠವಲ್ಲ, ಸಾವೇ. ಅದರ ಪೆಟ್ಟು ತಿಂದವನು ಸ್ವತಃ ಅಲ್ಲಮ. ಮನಸ್ಸನ್ನು ಅರಿಯುವ ದೃಷ್ಟಿಯಿಂದ ಹರಿಹರನ ರಗಳೆಯೇ ಹೆಚ್ಚು ಆಳವಾದುದು. ಅಲ್ಲಮನ ವಚನಕ್ಕೆ ಹೆಚ್ಚು ನಿಷ್ಠವಾದುದೂ ಅದೇ.

ಹಾಗೆಂದು ಚಾಮರಸನನ್ನು ಬನವಾಸಿಯ ಪ್ರಸಂಗವೊಂದರಿಂದಲೇ ಅಳೆಯುವುದು ಅನ್ಯಾಯ. ಗೋರಕ್ಷನ ಪ್ರಸಂಗದಲ್ಲಿ ಅವನ ಕಾವ್ಯ ಎತ್ತರಕ್ಕೇರುತ್ತದೆ. ಯೋಗಸಾಧನೆಯಿಂದ ವಜ್ರದೇಹ ಪಡೆದೆನೆಂದು ಬೀಗುವ ಗೋರಕ್ಷನ ಮೈಗೆ ಅಲ್ಲಮ ಕತ್ತಿ ಬೀಸಿದರೆ ಅದು ಬಂಡೆಗೆ ಬಡಿದಂತೆ ಸದ್ದು ಮಾಡುತ್ತದೆ, ಗಾಯವಾಗುವುದಿಲ್ಲ. ಗೋರಕ್ಷ ತಿರುಗಿ ಬೀಸಿದ ಕತ್ತಿ ಅಲ್ಲಮನ ಮೈಯೊಳಗೆ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಗೋರಕ್ಷ ತಲೆಬಾಗುತ್ತಾನೆ. ಇಲ್ಲಿ ಸಂಕೇತ ಹೆಸರಿನಲ್ಲಿಲ್ಲ, ನಡೆಯುವ ಕ್ರಿಯೆಯಲ್ಲಿದೆ. ಗೆದ್ದೆನೆಂಬ ಸಾಧಕನ ಬಿಗಿಯನ್ನು, ಸಿದ್ಧಿಯ ವೇಷ ತೊಟ್ಟ ಅಹಂಕಾರವನ್ನು ಆ ಲೋಹದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಸೋಲುವವನು ಹೊರಗಿನಿಂದ ಬಂದ ಮಾಯೆಯಲ್ಲ, ಸಾಧಕನೇ; ಕಲಿಯುವವನೂ ಅವನೇ.

17ನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದ ಈ ಕಾವ್ಯವನ್ನು ಇಂದು ತರಗತಿಯಲ್ಲಿ ಓದಿಸುವವರು ಗೋರಕ್ಷನ ಪ್ರಸಂಗದಿಂದಲೇ ಶುರುಮಾಡುವುದು ಒಳ್ಳೆಯದು. ಮಾಯೆಯ ಭಾಗಕ್ಕೆ ಬಂದಾಗ ಹರಿಹರನ ಕಾಮಲತೆಯನ್ನೂ ಅಲ್ಲಮನ ಆ ವಚನವನ್ನೂ ಜೊತೆಗಿಟ್ಟರೆ, ಬನವಾಸಿಯ ಆ ಹುಡುಗಿಯ ಮೇಲೆ ಕವಿ ಹೊರಿಸಿದ ಭಾರ ಎಷ್ಟೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಕಾಣುತ್ತದೆ.