‘ಪ್ಲೇಗ್ರೌಂಡ್’ ಶಬ್ದದ ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ ‘ಪ್ಲೇಗ್ರೌಂಡ್’ ಶಬ್ದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಅನುವಾದಗಳಲ್ಲಿಯೂ ‘ಆಟದ ಮೈದಾನ’ವೆಂಬ ಪದ ರೂಢವಾಗಿದೆ. ‘ಪ್ಲೇಯಿಂಗ್ ಫೀಲ್ಡ್’ ಎಂಬುದಕ್ಕೂ ಅದೇ ಪದ. ‘ರಿಕ್ರಿಯೇಷನ್ ಗ್ರೌಂಡ್’ ಬಂದರೂ ಹೆಚ್ಚಾಗಿ ಅದೇ. ಮೂರು ಶಬ್ದಗಳನ್ನು ಒಂದೇ ಮೂಟೆಯಲ್ಲಿ ಕಟ್ಟುವುದು ಭಾಷೆಯ ದೃಷ್ಟಿಯಿಂದ ಅಲ್ಪದೋಷವೆನಿಸಬಹುದು. ಇತಿಹಾಸವನ್ನು ಓದುವವರಿಗೆ ಅದು ಅಲ್ಪವಲ್ಲವೆಂಬುದು ನಮ್ಮ ವಾದ.

ಮೈದಾನವೆಂಬುದು ಫಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ವಿಸ್ತಾರವಾದ, ಸಮತಟ್ಟಾದ ಬಯಲು ಅದರ ಅರ್ಥ; ಕುದುರೆಯೋಟ, ಕವಾಯತು, ಸಾರ್ವಜನಿಕ ಸಭೆ ಇವೆಲ್ಲಕ್ಕೂ ಅದು ಸ್ಥಳ. ‘ಪ್ಲೇಗ್ರೌಂಡ್’ ಶಬ್ದಕ್ಕೆ ವಿಸ್ತಾರವೂ ಬೇಕಿಲ್ಲ, ಸಮತಲವೂ ಬೇಕಿಲ್ಲ. ಲೆಸ್ಲಿ ಸ್ಟೀಫನ್ ಆಲ್ಪ್ಸ್ ಪರ್ವತಾರೋಹಣವನ್ನು ಕುರಿತ ತನ್ನ ಗ್ರಂಥಕ್ಕೆ 1871ರಲ್ಲಿ ‘ದಿ ಪ್ಲೇಗ್ರೌಂಡ್ ಆಫ್ ಯೂರೋಪ್’ ಎಂದು ಹೆಸರಿಟ್ಟನು. ಇದನ್ನು ‘ಯೂರೋಪಿನ ಆಟದ ಮೈದಾನ’ವೆಂದು ಕನ್ನಡಿಸಿದರೆ ಹಿಮಶಿಖರಗಳೆಲ್ಲ ಒಮ್ಮೆಗೇ ನೆಲಸಮವಾಗುತ್ತವೆ!

ವಾಟರ್ಲೂ ಕದನದ ಗೆಲುವಿಗೆ ಈಟನ್ ಶಾಲೆಯ ಆಟದ ಬಯಲುಗಳೇ ಕಾರಣವೆಂದು ವೆಲಿಂಗ್ಟನ್ ನುಡಿದನೆಂಬ ಪ್ರತೀತಿ ಇನ್ನೊಂದು ನಿದರ್ಶನ. ಡ್ಯೂಕನು ತೀರಿಕೊಂಡದ್ದು 1852ರಲ್ಲಿ. ಅನಂತರ ಫ್ರೆಂಚ್ ಲೇಖಕ ಮೊಂತಾಲಾಂಬೇರ್ ಅಚ್ಚು ಹಾಕಿಸಿದ ರೂಪದಲ್ಲಿ ‘ಪ್ಲೇಯಿಂಗ್ ಫೀಲ್ಡ್ಸ್’ ಇಲ್ಲ. ಅದು ಸೇರಿದ್ದು ಬಳಿಕ. ಪ್ರತೀತಿ ನಿಜವೋ ಸುಳ್ಳೋ, ಅದರಲ್ಲಿರುವುದು ಶ್ರೀಮಂತರ ಮಕ್ಕಳು ಕ್ರಿಕೆಟ್ಟು, ಕಾಲ್ಚೆಂಡುಗಳಲ್ಲಿ ನಾಯಕತ್ವವನ್ನು ಕಲಿಯುವ ಹುಲ್ಲುಗಾವಲು. ಅಲ್ಲಿ ‘ಪ್ಲೇಗ್ರೌಂಡ್’ ಎಂದರೆ ಮಾತಿನ ಮರ್ಮವೇ ತಪ್ಪಿಹೋಗುತ್ತದೆ. ಆದರೂ ‘ಈಟನ್ ಪ್ಲೇಗ್ರೌಂಡಿನಲ್ಲಿ ಗೆದ್ದ ಯುದ್ಧ’ವನ್ನು ನಾವು ಉತ್ತರಪತ್ರಿಕೆಗಳಲ್ಲಿ ಹಲವು ಬಾರಿ ಓದಿದ್ದೇವೆ. ತಪ್ಪು ವಿದ್ಯಾರ್ಥಿಗಳದಲ್ಲ, ಅವರು ನಮ್ಮ ‘ಮೈದಾನ’ವನ್ನೇ ಮರಳಿ ಇಂಗ್ಲಿಷಿಗೆ ಒಯ್ದವರು.

ಪ್ಲೇಗ್ರೌಂಡಿನ ಹುಟ್ಟು ಬೇರೆ ನೆಲದಲ್ಲಿ. ಶಾಲೆಗೆ ಹೊಂದಿಕೊಂಡ ಅಂಗಳಕ್ಕೆ ಇಂಗ್ಲೆಂಡಿನಲ್ಲಿ ಈ ಹೆಸರು ಮೊದಲೇ ಇತ್ತು. 1820ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಶಿಶುಶಾಲೆಯನ್ನು ವಹಿಸಿಕೊಂಡ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಆ ಅಂಗಳವನ್ನು ಬೋಧನೆಯ ಅಂಗವೆಂದೇ ಎಣಿಸಿದನು. ಅಷ್ಟರಲ್ಲಿ ಹಳ್ಳಿಗಳ ಸಾಮುದಾಯಿಕ ಬಯಲುಗಳು ಬೇಲಿಯೊಳಗಾಗಿದ್ದವು. ಪಟ್ಟಣಗಳಲ್ಲಿ ಕಾರ್ಖಾನೆಗಳೂ ಇಕ್ಕಟ್ಟಾದ ಮನೆಗಳೂ ನೆಲವನ್ನು ನುಂಗಿದ್ದವು. ಪಟ್ಟಣವಾಸಿಗಳಿಗೆ ಅಡ್ಡಾಡಲು ಸ್ಥಳವೆಲ್ಲಿದೆಯೆಂದು ಪಾರ್ಲಿಮೆಂಟಿನ ಸಮಿತಿಯೊಂದು 1833ರಲ್ಲಿ ವಿಚಾರಣೆ ನಡೆಸಿತು. ಬಡ ಮಕ್ಕಳಿಗೆ ಆಟದ ಸ್ಥಳಗಳನ್ನು ಒದಗಿಸಲೆಂದು ಏರ್ಪಟ್ಟ ಸಂಘವೊಂದರ ಪರವಾಗಿ 1858ರಲ್ಲಿ ಸ್ವತಃ ಚಾರ್ಲ್ಸ್ ಡಿಕನ್ಸ್ ಭಾಷಣ ಮಾಡಿದನು. ಮರುವರ್ಷದ ರಿಕ್ರಿಯೇಷನ್ ಗ್ರೌಂಡ್ಸ್ ಕಾಯಿದೆಯಾದರೋ ಶಬ್ದಾರ್ಥದ ದೃಷ್ಟಿಯಿಂದ ನಮಗೆ ಬಹು ಮುಖ್ಯವಾದುದು. ಭೂಮಿಯನ್ನು ಧರ್ಮದರ್ಶಿಗಳಿಗೆ ವಹಿಸಿಕೊಡಲು ಅವಕಾಶವಿತ್ತ ಆ ಶಾಸನವು ವಯಸ್ಕರ ವಿಹಾರಕ್ಕೆ ತೆರೆದ ಬಯಲೆಂದೂ ಮಕ್ಕಳಿಗೆ ‘ಪ್ಲೇಗ್ರೌಂಡ್’ ಎಂದೂ ಎರಡನ್ನು ಬೇರೆಬೇರೆಯಾಗಿ ಹೆಸರಿಸಿತು. ನಾವು ಒಂದೆಂದು ತಿಳಿದುದನ್ನು ಶಾಸನಕರ್ತರು ಎರಡೆಂದು ತಿಳಿದಿದ್ದರು.

ಅಮೆರಿಕದಲ್ಲಿ ಈ ಅರ್ಥ ಇನ್ನೂ ಬಿಗಿಯಾಯಿತು. ಬರ್ಲಿನ್ನಿನಲ್ಲಿ ಕಂಡ ಮರಳುಗುಡ್ಡೆಗಳ ಮಾದರಿಯನ್ನು ವೈದ್ಯೆ ಮೇರಿ ಜಕ್ಷೆವ್ಸ್ಕಾ ಸೂಚಿಸಲು, 1885ರಲ್ಲಿ ಬಾಸ್ಟನ್ನಿನ ಬಡ ಕೇರಿಯಲ್ಲಿ ಮಕ್ಕಳಿಗಾಗಿ ಮರಳು ಸುರಿಯಲಾಯಿತು. ನ್ಯೂಯಾರ್ಕಿನ ಸ್ಯೂವರ್ಡ್ ಪಾರ್ಕಿನಲ್ಲಿ ನಗರಾಡಳಿತವು 1903ರಲ್ಲಿ ತೆರೆದ ಪ್ಲೇಗ್ರೌಂಡ್ ವಲಸೆಗಾರರು ಕಿಕ್ಕಿರಿದ ವಸತಿಯ ನಡುವಿನದು. 1906ರಲ್ಲಿ ಸ್ಥಾಪಿತವಾದ ಅಮೆರಿಕದ ಪ್ಲೇಗ್ರೌಂಡ್ ಸಂಸ್ಥೆಗೆ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟನೇ ಗೌರವಾಧ್ಯಕ್ಷ. ಬೀದಿಯನ್ನು ಕಳೆದುಕೊಂಡ ಮಗುವಿಗೆ ಆವರಣ ಕಟ್ಟಿ, ಮೇಲ್ವಿಚಾರಕರನ್ನಿಟ್ಟು ಕೊಟ್ಟ ನೆಲವೆಂಬ ಅರ್ಥ ಇಲ್ಲಿ ಸ್ಪಷ್ಟ. ಇದರಲ್ಲಿ ಕರುಣೆಯೂ ಇದೆ, ಕಾವಲೂ ಇದೆ. ಮೈದಾನದಲ್ಲಿ ಎರಡೂ ಇಲ್ಲ.

ಇದು ಹೊರನಾಡಿನ ಮಾತಷ್ಟೇ ಅಲ್ಲ. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ‘ಪ್ಲೇಗ್ರೌಂಡ್’ ಇರಬೇಕೆಂದು ವಿಧಿಸುತ್ತದೆ. ಅದರ ಅಳತೆಯನ್ನು ಅಲ್ಲಿ ಹೇಳಿಲ್ಲ. ಅಳತೆ ಇಲ್ಲದೆಡೆ ಶಬ್ದಾರ್ಥವೇ ಅಳತೆಗೋಲಾಗುತ್ತದೆ. ಮೈದಾನವೆಂದು ಓದಿದವರು, ಪೇಟೆಯ ನಡುವೆ ಅಷ್ಟು ಜಾಗ ಅಸಾಧ್ಯವೆಂದು ಕೈಚೆಲ್ಲಬಹುದು. ಇಲ್ಲವೆ ಅರ್ಧ ಮೈಲಿ ದೂರದ ಸಾರ್ವಜನಿಕ ಮೈದಾನವನ್ನು ತೋರಿಸಿ ಕೈತೊಳೆದುಕೊಳ್ಳಬಹುದು. ಒಂದನೆಯ ತರಗತಿಯ ಮಗು ಹತ್ತು ನಿಮಿಷದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಬರುವುದುಂಟೆ?

‘ಕ್ರೀಡಾಂಗಣ’ವು ಈಗ ಸ್ಟೇಡಿಯಮ್ಮಿಗೆ ಮೀಸಲಾಗಿದೆ. ಆದಕಾರಣ ‘ಆಟದಂಗಳ’ವೆಂಬ ಪದವನ್ನು ನಾವು ಸೂಚಿಸುತ್ತೇವೆ. ಅಂಗಳಕ್ಕೆ ಎಲ್ಲೆಯುಂಟು, ಮನೆಯವರ ಕಣ್ಣೂ ಉಂಟು. ಬಡ ಕೇರಿಯ ಮಕ್ಕಳಿಗೆ ಊರವರು ಕೊಡಿಸಿದ ನೆಲವೆಂಬ ಭಾವ ಅದರಲ್ಲಿ ಬರುವುದಿಲ್ಲವೆಂಬ ಆಕ್ಷೇಪವನ್ನು ಒಪ್ಪುತ್ತೇವೆ. ಸ್ಟೀಫನ್ನನ ಆಲ್ಪ್ಸ್‌ಗಂತೂ ಅದು ಸಾಲದು. ಪ್ಲೇಯಿಂಗ್ ಫೀಲ್ಡಿಗೆ ‘ಆಟದ ಬಯಲು’ ಇದ್ದೇ ಇದೆ.