ಹುಚ್ಚಿನ ಲೆಕ್ಕ ಯಾರ ಹೆಸರಿಗೆ?

ಹೋದ ವಾರ ಶ್ರೀಕಾರ್ಯಂನ ಬಾಡಿಗೆ ಮನೆಯಲ್ಲಿ ಮಲಯಾಳಿ ಗೆಳೆಯನ ಜೊತೆ ‘ಕರ್ಮಯೋಗಿ’ ನೋಡಿದೆ. ವಿ.ಕೆ. ಪ್ರಕಾಶ್ ‘ಹ್ಯಾಮ್ಲೆಟ್’ ನಾಟಕವನ್ನು ಕೇರಳಕ್ಕೆ ಒಗ್ಗಿಸಿ 2012ರಲ್ಲಿ ತಂದ ಸಿನಿಮಾ ಅದು. ಮುಗಿದ ಮೇಲೆ ಗೆಳೆಯ ಕೇಳಿದ: “ಹ್ಯಾಮ್ಲೆಟ್‌ಗೆ ನಿಜವಾಗಿ ಹುಚ್ಚು ಹಿಡಿದಿತ್ತೋ, ಬರೀ ನಾಟಕವೋ?” ಕಾಲೇಜಿನ ಪರೀಕ್ಷೆಯಲ್ಲಿ ಬರೆದಿದ್ದನ್ನೇ ಹೇಳಿದೆ: ಹುಚ್ಚು ನಟನೆ, ಹಿಂಜರಿಕೆ ಅವನ ದೋಷ. ರಾತ್ರಿ ಮೂಲ ನಾಟಕವನ್ನು ಮತ್ತೆ ಓದಿದಾಗ ಆ ಉತ್ತರ ನಿಲ್ಲಲಿಲ್ಲ.

ಹಿಂಜರಿಕೆಯನ್ನೇ ನೋಡಿ. ಮೂರನೆಯ ಅಂಕದಲ್ಲಿ ಚಿಕ್ಕಪ್ಪ ಕ್ಲಾಡಿಯಸ್ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾನೆ. ಹಿಂದೆ ಕತ್ತಿ ಹಿಡಿದು ನಿಂತ ಹ್ಯಾಮ್ಲೆಟ್ ಕೊಲ್ಲುವುದಿಲ್ಲ. ಕಾರಣ ಭಯವಲ್ಲ, ಪ್ರಾರ್ಥಿಸುವಾಗ ಸತ್ತರೆ ಸ್ವರ್ಗಕ್ಕೆ ಹೋದಾನು, ಪಾಪದಲ್ಲಿದ್ದಾಗ ಕೊಂದು ನರಕಕ್ಕೇ ಕಳಿಸಬೇಕೆಂಬ ಲೆಕ್ಕಾಚಾರ. ಮರುದೃಶ್ಯದಲ್ಲೇ, ತಾಯಿಯ ಕೋಣೆಯ ಪರದೆಯ ಹಿಂದೆ ಸದ್ದಾದೊಡನೆ, ಯಾರೆಂದೂ ನೋಡದೆ ಇರಿಯುತ್ತಾನೆ. ಸತ್ತವನು ಒಫೀಲಿಯಾಳ ತಂದೆ ಪೊಲೋನಿಯಸ್. ಇವನನ್ನು ಕೊಲ್ಲಲು ಕೈ ಬಾರದವನು ಎನ್ನುವುದು ಹೇಗೆ?

ಇನ್ನು ಹುಚ್ಚು. ಈ ಕಥೆಯ ಹಳೆಯ ರೂಪ ಡೆನ್ಮಾರ್ಕಿನ ಸ್ಯಾಕ್ಸೋ ಗ್ರಮ್ಯಾಟಿಕಸ್‌ನ ಇತಿಹಾಸದಲ್ಲಿದೆ. ಅಲ್ಲಿ ಕೊಲೆ ಎಲ್ಲರಿಗೂ ಗೊತ್ತು. ರಾಜಕುಮಾರ ಪೆದ್ದನಂತೆ ನಟಿಸುವುದು ಜೀವ ಉಳಿಸಿಕೊಳ್ಳಲು. ಶೇಕ್ಸ್‌ಪಿಯರ್‌ನಲ್ಲಿ ಕೊಲೆ ಗುಟ್ಟಾಗಿದೆ. ಸುಮ್ಮನಿದ್ದಿದ್ದರೆ ಹ್ಯಾಮ್ಲೆಟ್ ಮೇಲೆ ಅಷ್ಟು ಕಣ್ಣು ಬೀಳುತ್ತಿರಲಿಲ್ಲ. ಹುಚ್ಚಾಟವೇ ಅರಮನೆಯ ಗೂಢಚಾರರನ್ನು ಬೆನ್ನಿಗೆ ಹಚ್ಚಿತು. ಆದರೂ ಒಂದು ಲಾಭವಿತ್ತು: ಯಾರಿಗೆ ಏನನ್ನಾದರೂ ಅನ್ನಬಹುದು, ಹೊಣೆ ಹೊರಬೇಕಿಲ್ಲ.

ಐದನೆಯ ಅಂಕದಲ್ಲಿ ಅವನು ಈ ಲಾಭವನ್ನು ಪೂರ್ತಿ ಬಳಸಿಕೊಳ್ಳುತ್ತಾನೆ. ಕತ್ತಿವರಸೆಗೆ ಮೊದಲು ಪೊಲೋನಿಯಸ್‌ನ ಮಗ ಲೇಯರ್ಟಿಸ್‌ನ ಕ್ಷಮೆ ಕೇಳುತ್ತಾ, ತಪ್ಪು ತನ್ನದಲ್ಲ, ತನ್ನ ಹುಚ್ಚಿನದು ಎನ್ನುತ್ತಾನೆ. ಇದೇ ಮನುಷ್ಯ, ಹೆಣ ಬಿದ್ದಿದ್ದ ಕೋಣೆಯಲ್ಲೇ, ತನಗೆ ಹುಚ್ಚಿಲ್ಲ, ಇದು ತಂತ್ರ ಎಂದು ತಾಯಿಗೆ ಹೇಳಿದ್ದ. ರಾಜನೆದುರು ಮುಖವಾಡ ಉಳಿಸಿಕೊಳ್ಳಬೇಕಿತ್ತಲ್ಲ ಎನ್ನಬಹುದು. ಆದರೆ ಅಷ್ಟರಲ್ಲಿ, ತನ್ನನ್ನು ಕೊಲ್ಲಿಸಲು ರಾಜ ಕಳಿಸಿದ್ದ ಪತ್ರ ಅವನ ಕೈಗೇ ಸಿಕ್ಕಿತ್ತು. ಮುಖವಾಡಕ್ಕೆ ಕೆಲಸ ಉಳಿದಿರಲಿಲ್ಲ. ನನಗೆ ಕಾಣುವ ದೋಷ ಇದು: ನಟಿಸಿದ ಹುಚ್ಚಿನ ತಲೆಗೆ ನಿಜವಾದ ಕೊಲೆಯನ್ನು ಕಟ್ಟುವುದು.

ಬೆಲೆ ತೆತ್ತವಳು ಒಫೀಲಿಯಾ. ಪ್ರೀತಿಸಿದವನು ಹುಚ್ಚನ ವೇಷದಲ್ಲಿ ಅವಳನ್ನು ಹೀನಾಯವಾಗಿ ನಿಂದಿಸಿದ, ಆಮೇಲೆ ಅವಳ ತಂದೆಯನ್ನು ಕೊಂದ. ಅವಳಿಗೆ ಹಿಡಿದದ್ದು ಕಳಚಿಡಬಹುದಾದ ಹುಚ್ಚಲ್ಲ. ನೀರಿನ ಪಾಲಾಗುತ್ತಾಳೆ. ನಾಟಕಕ್ಕೆ ಮಾತ್ರ ಅವನ ಹೆಸರು.

ಇದನ್ನು ಓದುವಾಗ ಕುವೆಂಪು ನೆನಪಾದರು. ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿಗೆ, ಕೆಳದಿ ಅರಸರ ಕೊನೆಗಾಲಕ್ಕೆ ತಂದು ಅವರು 1932ರಲ್ಲಿ ‘ರಕ್ತಾಕ್ಷಿ’ ಬರೆದರು. ರಾಜಕುಮಾರ ಬಸವಯ್ಯ ಅಲ್ಲಿದ್ದಾನೆ, ಆದರೆ ಶೀರ್ಷಿಕೆ ಅವನದಲ್ಲ. ಒಫೀಲಿಯಾಳ ಜಾಗದಲ್ಲಿರುವ ರುದ್ರಾಂಬೆ ನೀರಿಗೆ ಜಾರಿ ಮರೆಯಾಗುವುದಿಲ್ಲ. ರಕ್ತಾಕ್ಷಿಯಾಗಿ ಸೇಡಿನ ಹೊಣೆ ಹೊರುತ್ತಾಳೆ. ಸೇಡು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟು ತಿಂದವಳು ಯಾರೆಂದು ಕುವೆಂಪು ಸರಿಯಾಗಿ ಗುರುತಿಸಿದರು. ಇದನ್ನು ‘ಹ್ಯಾಮ್ಲೆಟ್‌ನ ರೂಪಾಂತರ’ ಎಂದಷ್ಟೇ ಹೇಳಿ ಮುಗಿಸುವವರು, ಅದು ಹ್ಯಾಮ್ಲೆಟ್‌ಗೆ ಕೊಟ್ಟ ಉತ್ತರವೂ ಹೌದು ಎಂಬುದನ್ನು ಮರೆಯುತ್ತಾರೆ.

ಗೆಳೆಯನಿಗೆ ಈಗ ಬೇರೆ ಉತ್ತರ ಹೇಳಬೇಕಿದೆ. ಹ್ಯಾಮ್ಲೆಟ್‌ನ ಹುಚ್ಚು ನಟನೆಯೇ. ಆದರೆ ಅದು ನಿಜವೋ ಸುಳ್ಳೋ ಎನ್ನುವುದಕ್ಕಿಂತ ಮೊದಲು, ಅದರಿಂದ ಯಾರ ಮನೆ ಹಾಳಾಯಿತು ಎಂದು ಕೇಳಬೇಕಿತ್ತು.